ಮಳೆನಾಡಿನ ತಾರಸಿ ಮೇಲೆ ಸೋಲಾರ್: ನನ್ನ ಅನುಭವ

ಮೂಡಿಗೆರೆ ಕಡೆ ಸೋಲಾರ್ ಸುದ್ದಿ ಎತ್ತಿದರೆ ಎದುರಿನವರು ಕೇಳುವ ಮೊದಲ ಪ್ರಶ್ನೆ, "ಇಲ್ಲಿ ಹುಯ್ಯೋ ಮಳೆಗೆ ಅದೆಲ್ಲ ಆಗುತ್ತಾ?" ಆಗುತ್ತದೆ. ಆದರೆ ಬಯಲುಸೀಮೆಯವರ ಲೆಕ್ಕವನ್ನು ತಂದು ನಮ್ಮ ತಾರಸಿ ಮೇಲೆ ಕೂರಿಸಿದರೆ ಆಗುವುದಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಕಂಡ ಮೇಲೆ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಹಾಕಿಸಬೇಕು ಅಂದುಕೊಂಡವರಿಗೆ ಉಪಯೋಗವಾದರೆ ಸಾಕು.

ಮೊದಲು ಒಂದು ಮಾತು. ಎಲ್ಲರಿಗೂ ಇದು ಬೇಕಾಗಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ತಿಂಗಳಿಗೆ ಎಂಬತ್ತು ಯೂನಿಟ್ ದಾಟುವುದಿಲ್ಲ, ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ. ಅಂಥವರು ಲಕ್ಷಗಟ್ಟಲೆ ಹಾಕುವುದರಲ್ಲಿ ಅರ್ಥವಿಲ್ಲ ಎಂದು ನಾನೇ ಹೇಳಿದೆ. ನಮ್ಮ ಮನೆಯಲ್ಲಿ ಫ್ರಿಜ್ಜು, ಗೀಸರು, ಬಾವಿಯ ಮೋಟರು, ಹೋಂಸ್ಟೇಗೆಂದು ಸರಿಮಾಡಿದ ಎರಡು ಕೋಣೆಗಳಿಗೆ ಅತಿಥಿಗಳ ಓಡಾಟವಿಲ್ಲದಿದ್ದರೂ ಬಂದುಹೋಗುವ ಮಕ್ಕಳ ಸಂಸಾರ, ಎಲ್ಲ ಸೇರಿ 270, 280 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಮಿತಿ 200. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಸೋಲಾರ್ ಕೈಹಿಡಿಯುವುದು ಇಂಥ ಮನೆಗಳಿಗೆ.

ಸಬ್ಸಿಡಿಯ ವಿಷಯ ಸರಳವಾಗಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ಅಲ್ಲಿಗೆ ಮುಗಿಯಿತು. ಐದು ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ, ಹತ್ತು ಹಾಕಿಸಿದರೂ ಅಷ್ಟೇ. ಇದು ಮನೆ ಕನೆಕ್ಷನ್ನಿಗೆ ಮಾತ್ರ, ತೋಟದ ಪಂಪ್‌ಸೆಟ್ಟಿಗೆ ಸಿಗುವುದಿಲ್ಲ. ಪಂಪಿಗೆ ಪಿಎಂ ಕುಸುಮ್ ಎಂಬ ಬೇರೆ ಯೋಜನೆ ಇದೆ. ತಾರಸಿಯ ಸೋಲಾರ್ ವಾಟರ್ ಹೀಟರಿಗೂ ಇದಕ್ಕೂ ಸಂಬಂಧವಿಲ್ಲ.

ಹಳ್ಳಿಗಳಲ್ಲಿ ಕೆಲಸ ನಿಲ್ಲುವುದು ಹಣಕ್ಕಾಗಿ ಅಲ್ಲ, ಆರ್‌ಆರ್ ನಂಬರು, ಅಂದರೆ ಕರೆಂಟು ಮೀಟರು, ಯಾರ ಹೆಸರಿನಲ್ಲಿದೆ ಎಂಬುದಕ್ಕಾಗಿ. ನಮ್ಮ ಮೀಟರು ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇತ್ತು. ಸುತ್ತಮುತ್ತ ವಿಚಾರಿಸಿದರೆ ಅಜ್ಜನ ಹೆಸರಿನ ಮೀಟರುಗಳೂ ಸಿಕ್ಕವು. ಅರ್ಜಿ ಹಾಕುವವರ ಹೆಸರು, ಕರೆಂಟು ಬಿಲ್ಲಿನ ಹೆಸರು, ಸಬ್ಸಿಡಿ ಬೀಳಬೇಕಾದ ಬ್ಯಾಂಕ್ ಖಾತೆಯ ಹೆಸರು ಒಂದಕ್ಕೊಂದು ತಾಳೆಯಾಗಬೇಕು. ಹಾಗಾಗಿ ಸೋಲಾರಿನ ಮಾತು ಆಡುವ ಮೊದಲೇ ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತೆಯ ಕಾಗದ, ಅಣ್ಣ ತಂಗಿಯರ ಒಪ್ಪಿಗೆ ಪತ್ರ ಜೋಡಿಸಿಕೊಂಡು ಮೀಟರನ್ನು ನನ್ನ ಹೆಸರಿಗೆ ಮಾಡಿಸಿದೆ. ಬಿಲ್ಲಿನಲ್ಲಿ ಇನಿಷಿಯಲ್ ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ ಇದ್ದರೆ ಅದನ್ನೂ ಆಗಲೇ ಸರಿಮಾಡಿಸಿಕೊಳ್ಳಿ. ಪ್ಯಾನಲ್ ಮೇಲೇರಿದ ಮೇಲೆ ಈ ಕೆಲಸಕ್ಕೆ ಓಡಾಡುವುದು ಬೇಡ.

ಆಮೇಲೆ ಸೂರ್ಯಘರ್ ಪೋರ್ಟಲ್‌ನಲ್ಲಿ ರಾಜ್ಯ, ಕರೆಂಟು ಕಂಪನಿ, ಬಿಲ್ಲಿನ ಮೇಲಿನ ಅಕೌಂಟ್ ನಂಬರು ಕೊಟ್ಟು ನೋಂದಣಿ. ಚಿಕ್ಕಮಗಳೂರು ಜಿಲ್ಲೆಯವರಿಗೆ ಮೆಸ್ಕಾಂ, ಹಾಸನದವರಿಗೆ ಮೈಸೂರಿನ ಚೆಸ್ಕಾಂ. ಹತ್ತು ಕಿಲೋವ್ಯಾಟ್ ಒಳಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಡವೆಂದು 2024ರಲ್ಲೇ ನಿಯಮ ತಿದ್ದಿದ್ದಾರೆ, ಆದ್ದರಿಂದ ಆ ಹಂತ ತಡವಾಗುವುದಿಲ್ಲ. ಮಂಜೂರಾದ ಲೋಡ್ (ನಮ್ಮ ಮೀಟರಿಗೆ ಕಂಪನಿ ಒಪ್ಪಿರುವ ಗರಿಷ್ಠ ಕಿಲೋವ್ಯಾಟ್) ಮಾತ್ರ ನೋಡಿಕೊಳ್ಳಿ. ನಮ್ಮದು ಎರಡು ಕಿಲೋವ್ಯಾಟ್ ಇತ್ತು, ಮೂರಕ್ಕೆ ಏರಿಸಿದೆವು. ಲೋಡ್ ಏರಿದರೆ ಫಿಕ್ಸೆಡ್ ಚಾರ್ಜೂ ಏರುತ್ತದೆ. 2025-26ರಲ್ಲಿ ಅದು ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಇತ್ತು. ಮೂರು ಕಿಲೋವ್ಯಾಟ್‌ಗೆ 435. ಪ್ಯಾನಲ್ ಎಷ್ಟೇ ಕರೆಂಟು ಕೊಟ್ಟರೂ ಈ ದುಡ್ಡು ತಪ್ಪುವುದಿಲ್ಲ. "ಬಿಲ್ಲು ಸೊನ್ನೆಯಾಗುತ್ತದೆ" ಎಂದು ಯಾರಾದರೂ ಹೇಳಿದರೆ ಈ ಸಾಲನ್ನು ತೋರಿಸಿ.

ಮನೆಗೆ ಬಂದ ಒಬ್ಬ ಗುತ್ತಿಗೆದಾರರು ಐದು ಕಿಲೋವ್ಯಾಟ್ ಹಾಕಿಸಿ ಎಂದು ಬಹಳ ಒತ್ತಾಯಿಸಿದರು. ಹೆಚ್ಚಿಗೆ ಬಂದಿದ್ದನ್ನು ಮೆಸ್ಕಾಂ ಕೊಳ್ಳುತ್ತದೆ, ಬೇಸಿಗೆಯ ಕರೆಂಟು ಮಳೆಗಾಲಕ್ಕೆ ಆಗುತ್ತದೆ ಎಂಬುದು ಅವರ ವಾದ. ಮೊದಲರ್ಧ ನಿಜ, ಎರಡನೆಯದು ಸುಳ್ಳು. ಮಲೆನಾಡಿನವರು ಗಟ್ಟಿಯಾಗಿ ತಿಳಿದುಕೊಳ್ಳಬೇಕಾದ ಸಂಗತಿ ಇದೇ, ಅದಕ್ಕೆ ನಮ್ಮ ಎರಡು ಬಿಲ್ಲುಗಳನ್ನು ಬಿಡಿಸಿ ತೋರಿಸುತ್ತೇನೆ.

ಫೆಬ್ರವರಿಯಲ್ಲಿ ನಮ್ಮ ಮೂರು ಕಿಲೋವ್ಯಾಟ್ ಪ್ಯಾನಲ್‌ಗಳು ಕೊಟ್ಟಿದ್ದು ಸುಮಾರು 390 ಯೂನಿಟ್. ಅದರಲ್ಲಿ 120 ಹಗಲಲ್ಲಿ ಮನೆಯೊಳಗೇ ಖರ್ಚಾಯಿತು, ಉಳಿದ 270 ಲೈನಿಗೆ ಹೋಯಿತು. ಸಂಜೆ, ರಾತ್ರಿ, ಬೆಳಗಿನ ಜಾವ ಲೈನಿನಿಂದ ನಾವು ಎಳೆದುಕೊಂಡಿದ್ದು 150. ಎರಡೂ ಕಡೆ ಓದುವ ನೆಟ್ ಮೀಟರಿನಲ್ಲಿ ಕಾಣುವುದು ಈ ಕೊನೆಯ ಎರಡು ಅಂಕಿಗಳು ಮಾತ್ರ, ಲೈನಿನಿಂದ ಎಳೆದಿದ್ದು ಇಂಪೋರ್ಟು, ಲೈನಿಗೆ ಕೊಟ್ಟಿದ್ದು ಎಕ್ಸ್‌ಪೋರ್ಟು. ಮನೆಯೊಳಗೆ ನೇರ ಬಳಸಿದ್ದು ಮೀಟರಿನ ತನಕ ಹೋಗುವುದೇ ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ 390 ಇದೆ, ಬಿಲ್ಲಿನಲ್ಲಿ 270 ಯಾಕೆ ಬಂತು ಎಂದು ಗಾಬರಿಯಾಗುವವರು ಇದನ್ನು ನೆನಪಿಟ್ಟುಕೊಳ್ಳಿ. 270ರಲ್ಲಿ 150 ಕಳೆದರೆ 120 ಯೂನಿಟ್ ನಮ್ಮ ಕಡೆ ಹೆಚ್ಚು.

ಈ 120 ಯೂನಿಟ್ ಮುಂದಿನ ತಿಂಗಳಿಗೆ ಯೂನಿಟ್ಟಾಗಿ ಹೋಗುವುದಿಲ್ಲ. ಆ ತಿಂಗಳೇ ಹಣದ ಲೆಕ್ಕದಲ್ಲಿ ಮುಗಿಯುತ್ತದೆ. ದರ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಗೊತ್ತುಮಾಡಿದ್ದು, ನಾವು ಕೊಳ್ಳುವ ದರಕ್ಕಿಂತ ಕಡಿಮೆ.

ಈಗ ಜುಲೈಗೆ ಬನ್ನಿ. ಪ್ಯಾನಲ್ ಕೊಟ್ಟಿದ್ದು 160. ಮನೆಗೆ 90, ಲೈನಿಗೆ 70. ಲೈನಿನಿಂದ ತೆಗೆದುಕೊಂಡಿದ್ದು 190. 190ರಲ್ಲಿ 70 ಹೋಗಿ 120 ಯೂನಿಟ್ಟಿಗೆ ನಾವು ದುಡ್ಡು ಕೊಡಬೇಕು. ಯೂನಿಟ್ಟಿಗೆ ಆಗಿನ 5.80ರಂತೆ 696 ರೂಪಾಯಿ, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿಗೆಂದು ಹಾಕುವ ಸರ್ಚಾರ್ಜು ಆಗ ಯೂನಿಟ್ಟಿಗೆ 36 ಪೈಸೆ, 9 ಪರ್ಸೆಂಟು ತೆರಿಗೆ, ಫಿಕ್ಸೆಡ್ ಚಾರ್ಜು. ಫೆಬ್ರವರಿಯಲ್ಲಿ ಅಷ್ಟೇ 120 ಯೂನಿಟ್ ನಾವು ಕಡಿಮೆ ದರಕ್ಕೆ ಕೊಟ್ಟಿದ್ದೆವು, ಜುಲೈಯಲ್ಲಿ ಹೆಚ್ಚಿನ ದರಕ್ಕೆ ಕೊಂಡೆವು. ಐದು ಕಿಲೋವ್ಯಾಟ್ ಹಾಕಿಸಿದ್ದರೆ ಬೇಸಿಗೆಯಲ್ಲಿ ಅಗ್ಗಕ್ಕೆ ಮಾರುವುದು ಇನ್ನಷ್ಟು ಹೆಚ್ಚುತ್ತಿತ್ತು, ಮಳೆಗಾಲದ ಬಿಲ್ಲು ಸ್ವಲ್ಪ ಇಳಿಯುತ್ತಿತ್ತು, ಮೇಲಿನ ಎರಡು ಕಿಲೋವ್ಯಾಟ್‌ಗೆ ಸಬ್ಸಿಡಿಯ ಒಂದು ಪೈಸೆಯೂ ಇರುತ್ತಿರಲಿಲ್ಲ. ವರ್ಷಪೂರ್ತಿ ಸಮನಾಗಿ ಬಿಸಿಲು ಬೀಳುವ ಊರಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ನಮಗೆ ಇದೇ ಮುಖ್ಯ. ಮಳೆಗಾಲದ ಕೊರತೆ ತುಂಬಲು ಹೋಗಬೇಡಿ, ಬೇಸಿಗೆಯ ಬಳಕೆಗೆ ಸ್ವಲ್ಪ ಮೇಲಾಗುವಷ್ಟು ಹಾಕಿಸಿ ನಿಲ್ಲಿಸಿ.

ವಾಷಿಂಗ್ ಮಷೀನು, ಮೋಟರು ಎಲ್ಲ ಮಧ್ಯಾಹ್ನವೇ ಹಾಕಬೇಕಾ ಎಂದು ಹಲವರು ಕೇಳಿದ್ದಾರೆ. ನೆಟ್ ಮೀಟರ್ ಇದ್ದರೆ ಬೇಕಾಗಿಲ್ಲ. ತಿಂಗಳ ಕೊನೆಗೆ ಕೊಟ್ಟಿದ್ದು, ತೆಗೆದುಕೊಂಡಿದ್ದು ಒಟ್ಟಾಗಿ ಕಳೆಯುವುದರಿಂದ ಯಾವ ಹೊತ್ತಿನಲ್ಲಿ ಬಳಸಿದರೂ ಒಂದೇ.

ಇನ್ನು ತಾರಸಿ. ನಮ್ಮದು ಮುಂದೆ ಹಳೆಯ ಹೆಂಚಿನ ಮನೆ, ಹಿಂದೆ ಆರ್‌ಸಿಸಿ ಕಟ್ಟಿಸಿದ ಭಾಗ. ಹೆಂಚಿನ ಮೇಲೆ ಹತ್ತಿಸಲು ನಾನು ಒಪ್ಪಲಿಲ್ಲ. ರೀಪರು ಬದಲಿಸುವಾಗ, ಸೋರಿದಾಗ ಪ್ಯಾನಲ್ ಇಳಿಸುವವರು ಯಾರು? ಹಿಂದಿನ ತಾರಸಿಯಲ್ಲಿ ದಕ್ಷಿಣಕ್ಕೆ ಮುಖಮಾಡಿ ಆರು ಪ್ಯಾನಲ್ ಕೂತವು. ಓರೆ ಸುಮಾರು 13 ಡಿಗ್ರಿ, ನಮ್ಮ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ತೊಂದರೆ ಇದ್ದದ್ದು ತೋಟದ ಸಿಲ್ವರ್ ಓಕಿನ ನೆರಳು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಆ ನೆರಳು ಬೆಳಿಗ್ಗೆ ಒಂಬತ್ತೂವರೆವರೆಗೂ ತಾರಸಿ ಮೇಲೆ ಮಲಗಿರುತ್ತಿತ್ತು. ಪ್ಯಾನಲ್‌ಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ, ಒಂದರ ಮೇಲೆ ನೆರಳು ಬಿದ್ದರೆ ಉಳಿದವುಗಳ ಕೆಲಸವೂ ಕುಗ್ಗುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರಗಳನ್ನು ಉಳಿಸಿ, ಬರೀ ಗಾಳಿತಡೆಗೆ ನಿಂತಿದ್ದ ಎರಡರ ತಲೆ ಕಡಿಸಿದೆ. ಜಾಗ ನೋಡುವುದಾದರೆ ಡಿಸೆಂಬರ್ ಬಿಸಿಲಲ್ಲಿ ನೋಡಿ. ಏಪ್ರಿಲ್‌ನಲ್ಲಿ ಎಲ್ಲ ತಾರಸಿಯೂ ಬಯಲೇ.

ಚಳಿ ನಮಗೆ ಲಾಭ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಪ್ಯಾನಲ್‌ಗೆ ಬೇಕಾದ್ದು ಬೆಳಕು, ಶಾಖವಲ್ಲ. ಬಿಸಿಯೇರಿದ ಹಾಗೆ ಉತ್ಪಾದನೆ ಇಳಿಯುತ್ತದೆ. ಜನವರಿ, ಫೆಬ್ರವರಿಯ ನಮ್ಮ ತಣ್ಣನೆಯ ಗಾಳಿ, ತಿಳಿಯಾದ ಬಿಸಿಲು ಎರಡೂ ಸೇರಿದ ದಿನಗಳಲ್ಲಿ ನಮ್ಮ ಇನ್ವರ್ಟರ್ (ಪ್ಯಾನಲ್‌ನ ಡಿಸಿ ಕರೆಂಟನ್ನು ಮನೆ ಬಳಸುವ ಎಸಿಗೆ ಬದಲಿಸುವ ಪೆಟ್ಟಿಗೆ) ತೋರಿಸುವ ಅಂಕಿ ನೋಡಲು ಸಂತೋಷವಾಗುತ್ತದೆ.

ಸಬ್ಸಿಡಿಗೆ ಸೆಲ್ಲೂ ಪ್ಯಾನಲ್ಲೂ ಎರಡೂ ಭಾರತದಲ್ಲೇ ತಯಾರಾದ ಡಿಸಿಆರ್ ಮಾಲೇ ಆಗಬೇಕು. ಅದಕ್ಕೆ ಬೆಲೆ ಸ್ವಲ್ಪ ಜಾಸ್ತಿ. ನಮಗೆ ಎಲ್ಲ ಸೇರಿ 2 ಲಕ್ಷದ ಆಸುಪಾಸು ಆಯಿತು. ಆಗ ಜಿಎಸ್‌ಟಿ 12 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ, ಕೊಟೇಶನ್‌ನಲ್ಲಿ ಅದು ಇಳಿದಿದೆಯೇ ನೋಡಿ. ಈ ಯೋಜನೆಯಲ್ಲಿ ಒತ್ತೆಯಿಲ್ಲದ ಬ್ಯಾಂಕ್ ಸಾಲವೂ ಇದೆ, ಸಾಲ ಮಾಡಿ ಹಾಕಿಸುವವರು ಖಾಸಗಿ ಫೈನಾನ್ಸಿಗೆ ಹೋಗುವ ಮೊದಲು ಅದನ್ನು ಕೇಳಿ. ಪ್ಯಾನಲ್ ಮೇಲೇರಿಸುವ ಮುನ್ನ ಒಂದೊಂದರ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಂಡೆ. ಪೋರ್ಟಲ್‌ಗೂ ಬೇಕು, ಮುಂದೆ ವಾರಂಟಿಗೂ ಬೇಕು.

ಅರ್ತಿಂಗ್ ವಿಷಯದಲ್ಲಿ ಯಾರ ಮಾತೂ ಕೇಳಬೇಡಿ, ಪ್ರತ್ಯೇಕವಾಗಿ ಮೂರು ಗುಂಡಿ ತೋಡಿಸಿ. ಸಿಡಿಲುತಡೆಗೆ ಒಂದು, ಡಿಸಿ ಕಡೆಗೆ ಒಂದು, ಎಸಿ ಕಡೆಗೆ ಒಂದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಮ್ಮ ಕಡೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ. ಇದನ್ನು ಹಾಕಿಸುವ ಮೊದಲೇ ಮನೆಯವರಿಗೆಲ್ಲ ಹೇಳಿಬಿಡಿ. ಗಾಳಿಮಳೆಗೆ ಮರ ಬಿದ್ದು ಲೈನು ತುಂಡಾಗಿರುತ್ತದೆ, ಲೈನ್‌ಮನ್ ನೆನೆದುಕೊಂಡು ಕಂಬ ಹತ್ತಿರುತ್ತಾರೆ. ಆಗ ನಮ್ಮ ತಾರಸಿಯಿಂದ ಕರೆಂಟು ಲೈನಿಗೆ ಹರಿದರೆ ಅವರ ಜೀವಕ್ಕೇ ಅಪಾಯ. ಅದಕ್ಕೇ ಲೈನು ಸತ್ತ ಕೂಡಲೇ ಇನ್ವರ್ಟರ್ ತಾನಾಗಿ ಬಂದಾಗುತ್ತದೆ. ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಹಾಕಿಸಿದರೆ ಆಗಲೂ ಮನೆಗೆ ಕರೆಂಟು ಇರುತ್ತದೆ, ಖರ್ಚು ಮಾತ್ರ ಏರುತ್ತದೆ, ಬ್ಯಾಟರಿಗೆ ಸಬ್ಸಿಡಿ ಇಲ್ಲ. ನಮ್ಮಲ್ಲಿ ಹಳೆಯ ಸಣ್ಣ ಯುಪಿಎಸ್ ಇತ್ತು, ದೀಪ ಫ್ಯಾನಿಗೆ ಅದೇ ಸಾಕೆಂದು ಬಿಟ್ಟೆವು.

ಕೆಲಸ ಮುಗಿದು, ಪರಿಶೀಲನೆಯಾಗಿ, ಎರಡೂ ಕಡೆ ಓದುವ ಮೀಟರು ಕೂತು, ಸೋಲಾರ್ ಚಾಲೂ ಆಯಿತೆಂಬ ಕಮಿಷನಿಂಗ್ ವರದಿ ಪೋರ್ಟಲ್‌ಗೆ ಏರಿದ ಮೇಲೆ ಬ್ಯಾಂಕ್ ವಿವರ ತುಂಬಬೇಕು. ಸಬ್ಸಿಡಿ ನೇರ ನಮ್ಮ ಖಾತೆಗೇ ಬರುತ್ತದೆ, ಗುತ್ತಿಗೆದಾರರ ಖಾತೆಗಲ್ಲ. ಆದ್ದರಿಂದ ಪೂರ್ತಿ ಹಣ ಮೊದಲೇ ಕೈಯಲ್ಲಿರಲಿ, ಮೀಟರು ಕೂರುವ ತನಕ ಕೊನೆಯ ಕಂತು ಕೊಡಬೇಡಿ.

ನಿರ್ವಹಣೆ ಐದು ವರ್ಷ ಹಾಕಿದವರದೇ ಜವಾಬ್ದಾರಿ, ಒಪ್ಪಂದದಲ್ಲಿ ಅದು ಬರೆದಿರಬೇಕು. ತೊಳೆಯುವುದು ನಮ್ಮ ಪಾಲಿನ ಕೆಲಸ. ಬಯಲುಸೀಮೆಯವರಿಗೆ ಧೂಳಿನ ಕಾಟ, ನಮಗೆ ಪಾಚಿಯದು. ಮಳೆ ನಿಂತ ಮೇಲೆ ನೋಡಿದರೆ ಪ್ಯಾನಲ್‌ನ ಕೆಳಅಂಚಿನ ಚೌಕಟ್ಟಿನ ಉದ್ದಕ್ಕೂ ಹಸಿರು ಗೆರೆ ಕಟ್ಟಿತ್ತು, ನೀರು ಅಲ್ಲೇ ನಿಲ್ಲುತ್ತದಲ್ಲ. ಮೆತ್ತನೆಯ ಬಟ್ಟೆ, ಬರೀ ನೀರು, ಬಿಸಿಲೇರುವ ಮುಂಚೆ ಒರೆಸಿದೆ. ಸೋಪಿನ ಪುಡಿ, ಒರಟು ಬ್ರಷ್ಷು ಮುಟ್ಟಿಸಬೇಡಿ. ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಕಾಫಿ ಕೊಯ್ಲು ಮುಗಿದ ಮೇಲೆ ಇನ್ನೊಮ್ಮೆ ಮಾಡಿದರೆ ನಮ್ಮ ಕಡೆಗೆ ಅಷ್ಟು ಸಾಕಾಗಿದೆ.