ಎಂಟುನೂರು ಸಿಸಿ ಕಾರಿನಲ್ಲಿ ಐವರು ಆಗುಂಬೆ ಇಳಿದು ಹತ್ತುವುದು ಹೇಗೆ?

ಮಾರುತಿ ಆಲ್ಟೊ 800ರಂತಹ ಸಣ್ಣ ಕಾರಿನ ಖಾಲಿ ತೂಕ ಹೆಚ್ಚುಕಡಿಮೆ 700 ಕಿಲೊ. ಅದರೊಳಗೆ ಐದು ಮಂದಿ ದೊಡ್ಡವರು ಕುಳಿತು, ಡಿಕ್ಕಿಯಲ್ಲಿ ನಾಲ್ಕು ಬ್ಯಾಗು ಇಟ್ಟರೆ 350 ಕಿಲೊ ಸೇರುತ್ತದೆ. ಎಂದರೆ ಕಾರು ತನ್ನ ಅರ್ಧದಷ್ಟು ತೂಕವನ್ನು ಹೊತ್ತು ಹೊರಡುತ್ತದೆ. ಇದೇ ಐವರು 1,750 ಕಿಲೊ ತೂಗುವ ದೊಡ್ಡ ಗಾಡಿಯಲ್ಲಿ ಕುಳಿತಾಗ ಅದಕ್ಕೆ ಹೆಚ್ಚುವುದು ಐದನೆಯ ಒಂದು ಪಾಲು ಮಾತ್ರ. ಎಳೆಯುವುದಿಲ್ಲ, ಬ್ರೇಕ್ ಹಿಡಿಯುವುದಿಲ್ಲ, ಮೈಲೇಜ್ ಕೊಡುವುದಿಲ್ಲ ಎಂದು ಸಣ್ಣ ಕಾರಿನವರು ಹೇಳಿಕೊಳ್ಳುವ ದೂರುಗಳಲ್ಲಿ ಬಹುಪಾಲು ಈ ಲೆಕ್ಕದಿಂದಲೇ ಹುಟ್ಟಿದವು. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ನಿಗೆ ಸುಮಾರು 47 ಅಶ್ವಶಕ್ತಿ ಇರುತ್ತದೆ. ಒಬ್ಬರೋ ಇಬ್ಬರೋ ಪೇಟೆಯಲ್ಲಿ ಓಡಾಡುವಾಗ ಅದು ಕಡಿಮೆ ಎನಿಸುವುದೇ ಇಲ್ಲ.

ಹನ್ನೊಂದು ವರ್ಷಗಳಿಂದ ಇಂಥದ್ದೊಂದು ಕಾರಿನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಹೋಗಿಬರುತ್ತಿರುವ ನನಗೆ, ಈ ಒಂದು ಪ್ರಯಾಣದಲ್ಲಿಯೇ ಸಣ್ಣ ಕಾರಿನ ಬಾಳ್ವೆಯ ಎಲ್ಲ ಪಾಠಗಳೂ ಇವೆ ಎನಿಸಿದೆ. ಆದ್ದರಿಂದ ಆ ದಾರಿಯ ಕ್ರಮದಲ್ಲಿಯೇ ವಿವರಿಸುತ್ತೇನೆ.

ಹಿಂದಿನ ದಿನ: ನೀರು, ಬ್ರೇಕ್, ಕಾಗದ

ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಇಂಜಿನ್ನನ್ನು ತಣಿಸುವ ದ್ರವವಾದ ಕೂಲೆಂಟಿನ ಡಬ್ಬಿಯಲ್ಲಿ ಮಟ್ಟವು ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡಬೇಕು. ಕಡಿಮೆಯಿದ್ದರೆ ಕೂಲೆಂಟನ್ನೇ ಹಾಕಬೇಕೇ ಹೊರತು ಬೋರ್‌ವೆಲ್ ನೀರನ್ನಲ್ಲ. ಮೊದಲ ಎರಡು ವರ್ಷ ನಾನು ನಲ್ಲಿಯ ನೀರನ್ನೇ ಸುರಿಯುತ್ತಿದ್ದೆ. ಕೊನೆಗೊಂದು ದಿನ ಮೆಕ್ಯಾನಿಕ್ ರೇಡಿಯೇಟರಿನಿಂದ ಕೆಮ್ಮಣ್ಣಿನ ಗಂಜಿಯಂಥ ತುಕ್ಕಿನ ನೀರನ್ನು ಬಕೆಟ್ಟಿಗೆ ಬಸಿದು ತೋರಿಸಿದ ಮೇಲೆ ಆ ಚಾಳಿ ಬಿಟ್ಟಿತು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಖರ್ಚು ದೊಡ್ಡದೇನಲ್ಲ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಂತೂ ಅದು ತಪ್ಪಬಾರದು.

ಕಾಗದಪತ್ರಗಳ ಬಗ್ಗೆ ಒಂದೇ ಮಾತು: ಕಾರಿಗೆ ಹದಿನೈದು ವರ್ಷ ತುಂಬುತ್ತಿದ್ದರೆ, ಅವಧಿ ಮುಗಿಯುವ ಮೊದಲಿನ 60 ದಿನಗಳೊಳಗೆ ನಮೂನೆ 25ರಲ್ಲಿ ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಅರ್ಜಿ ಸಲ್ಲಿಸಬೇಕು.

ಹೊರಡುವ ಬೆಳಿಗ್ಗೆ: ಗಾಳಿ ಮತ್ತು ಸಾಮಾನು

ಟೈರಿನ ಗಾಳಿಯನ್ನು ಅಳೆಯಬೇಕಾದದ್ದು ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ. ಓಡಿದ ಟೈರಿನಲ್ಲಿ ಗಾಳಿ ಬಿಸಿಯಾಗಿ ಒತ್ತಡ ಏರಿರುತ್ತದೆ. ಅದನ್ನು ನೋಡಿ ಜಾಸ್ತಿಯಾಗಿದೆ ಎಂದು ಗಾಳಿ ಬಿಡಿಸುವುದು ತಪ್ಪು. ಎಷ್ಟು ಇರಬೇಕೆಂಬುದನ್ನು ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿ ಹೇಳುತ್ತದೆ. ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು. ಸ್ಟೆಪ್ನಿಗೂ ಗಾಳಿ ನೋಡುವುದನ್ನು ಮರೆಯಬಾರದು, ಏಕೆಂದರೆ ಡಿಕ್ಕಿಯ ಸಾಮಾನನ್ನೆಲ್ಲ ಮಳೆಯಲ್ಲಿ ಇಳಿಸಿ ಹೊರತೆಗೆದ ಸ್ಟೆಪ್ನಿಯಲ್ಲಿ ಗಾಳಿಯಿಲ್ಲದಿದ್ದರೆ ಮನೆಯವರ ಮುಖ ನೋಡುವುದು ಕಷ್ಟ.

ಆಲ್ಟೊದ ಡಿಕ್ಕಿ 177 ಲೀಟರಿನದು. ಭಾರದ ವಸ್ತುಗಳನ್ನು ಅಡಿಯಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ಇಡಬೇಕು. ಬಾಗಿಲ ಕಡೆಗೆ ಇಟ್ಟರೆ ಹಿಂಭಾಗ ಕುಸಿದು, ರಾತ್ರಿ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಏರುತ್ತದೆ. ತಗಡಿನ ಮೇಲೆ ಕ್ಯಾರಿಯರ್ ಕಟ್ಟಿ ಸಾಮಾನು ಹೇರುವುದನ್ನು ನಾನು ಒಪ್ಪುವುದಿಲ್ಲ: ಅಗಲ ಕಡಿಮೆಯಿರುವ ಹಗುರ ಕಾರಿಗೆ ಮೇಲ್ಭಾರ ಬಂದರೆ ತಿರುವುಗಳಲ್ಲಿ ವಾಲುತ್ತದೆ.

ಹಿಂದೆ ಕೂರುವವರೂ ಬೆಲ್ಟ್ ಹಾಕಲೇಬೇಕು. ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ಕಾರುಗಳ ಸುರಕ್ಷತೆಯನ್ನು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಅಪಘಾತ (ಕ್ರ್ಯಾಶ್) ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಒಂದು ನಕ್ಷತ್ರವನ್ನೂ ಪಡೆಯಲಿಲ್ಲ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಅದಕ್ಕಿಂತ ಹಳೆಯ ಗಾಡಿ ಇರುವವರು ವೇಗವನ್ನು 70ರ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಪುಕ್ಕಲುತನವಲ್ಲ.

ಹೊರಡುವ ಮುನ್ನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತರಬೇಕು. ಏಕೆಂಬುದು ಕೊನೆಯಲ್ಲಿ ಬರುತ್ತದೆ.

ಇಳಿಯುವಾಗ

ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಇಲ್ಲಿ ಪಾಲಿಸಬೇಕಾದ ಹಳೆಯ ಚಾಲಕರ ನಿಯಮ, ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು. ಮೊದಲ ತಿರುವಿಗೆ ಬರುವ ಮುನ್ನವೇ ಎರಡನೇ ಗೇರಿಗೆ ಹಾಕಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಬ್ರೇಕನ್ನು ಉದ್ದಕ್ಕೂ ಮೆಟ್ಟಿಕೊಂಡಿರದೆ, ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಬೇಕು. ತುಂಬಿದ ಕಾರಿನಲ್ಲಿ ಬ್ರೇಕ್ ಮೆಟ್ಟಿಕೊಂಡೇ ಇಳಿದವರಿಗೆ ಏಳೆಂಟು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಆಗ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಗಳಿಗೆ ನೀರು ಎರಚದೆ, ಅರ್ಧ ಗಂಟೆ ತಾನಾಗಿ ತಣಿಯಲು ಬಿಡಬೇಕು.

ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರು ಇನ್ನೂ ಇದ್ದಾರೆ. ಫ್ಯುಯೆಲ್ ಇಂಜೆಕ್ಷನ್ ಇರುವ ಇಂಜಿನ್‌ನಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಗೇರಿನಲ್ಲಿದ್ದು ಕಾಲು ತೆಗೆದಾಗ ಚಕ್ರಗಳೇ ಇಂಜಿನನ್ನು ತಿರುಗಿಸುವುದರಿಂದ ಪೆಟ್ರೋಲ್ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೋ ಇಂಜಿನ್ ಉರಿಯುತ್ತಿರಲು ಪೆಟ್ರೋಲ್ ಬೇಕೇ ಬೇಕು. ಚಾವಿ ತಿರುಗಿಸಿ ಇಂಜಿನ್ ಆರಿಸುವುದಂತೂ ಅಪಾಯಕಾರಿ, ಏಕೆಂದರೆ ಬ್ರೇಕಿಗೆ ಬಲ ಕೊಡುವ ನಿರ್ವಾತ ಇಂಜಿನ್‌ನಿಂದ ಬರುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ.

ಹತ್ತುವಾಗ

ವಿಚಿತ್ರವೆಂದರೆ ಹತ್ತುವಾಗಲೇ ಗಾಡಿ ಹೆಚ್ಚು ತುಂಬಿರುತ್ತದೆ. ನೆಂಟರ ಮನೆಯ ಇಪ್ಪತ್ತು ತೆಂಗಿನಕಾಯಿ, ಒಂದು ಹಲಸಿನಹಣ್ಣು, ಎಣ್ಣೆಯ ಡಬ್ಬ ಎಲ್ಲವೂ ಸೇರಿರುತ್ತವೆ, ಬೇಡವೆಂದರೆ ಕೇಳುವವರಿಲ್ಲ.

ಘಾಟಿಯ ಬುಡದಲ್ಲಿಯೇ ಎಸಿ ಆರಿಸಬೇಕು. ಎಸಿಯ ಕಂಪ್ರೆಸರ್ ತಿರುಗುವುದು ಇಂಜಿನ್ನಿನ ಬಲದಿಂದಲೇ, ಇರುವ ಬಲವೇ ಅಷ್ಟಿರುವಾಗ ಆ ಪಾಲು ದೊಡ್ಡದು. ಗೇರನ್ನು ಇಂಜಿನ್ ತಿಣುಕುವ ಮೊದಲೇ ಇಳಿಸಬೇಕು, ತಿಣುಕಿದ ಮೇಲಲ್ಲ. ಸದ್ದು ಜೋರಾಯಿತೆಂದು ಹೆದರಿ ಮೂರನೇ ಗೇರಿಗೆ ಏರಿಸುವುದು ಹೊಸಬರ ಸಾಮಾನ್ಯ ತಪ್ಪು. ಸಣ್ಣ ಇಂಜಿನ್ ವೇಗವಾಗಿ ತಿರುಗಿದಾಗಲೇ ಎಳೆಯುವುದು. ಹೇರ್‌ಪಿನ್ ತಿರುವಿನ ಒಳಮೈ ಅತಿ ಕಡಿದಾಗಿರುವುದರಿಂದ ಅಲ್ಲಿ ಒಂದನೇ ಗೇರು ಬೇಕಾದರೂ ನಾಚಿಕೆಪಡಬೇಕಾಗಿಲ್ಲ.

ಎದುರಿನಿಂದ ಮಿನಿಬಸ್ ಬಂದು ದಾರಿ ಸಾಲದಾದರೆ, ಇಳಿಯುವ ವಾಹನವೇ ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಸಂಚಾರ ನಿಯಮ. ಆದರೆ ನಿಯಮವನ್ನು ನಂಬಿ ಮುನ್ನುಗ್ಗದೆ ನಿಲ್ಲಿಸಿಬಿಡುವುದೇ ಒಳ್ಳೆಯದು. ಮತ್ತೆ ಹೊರಡುವಾಗ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಿಸಿ ಹಿಡಿಯಬಾರದು, ಕ್ಲಚ್ ಪ್ಲೇಟ್ ಸವೆಯುವುದು ಹೀಗೆಯೇ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಕ್ಲಚ್ ನಿಧಾನವಾಗಿ ಬಿಡುತ್ತ, ಮೂತಿ ಎತ್ತಿದ್ದು ಗೊತ್ತಾದಾಗ ಹ್ಯಾಂಡ್‌ಬ್ರೇಕ್ ಇಳಿಸಬೇಕು.

ಉಷ್ಣತೆಯ ಮುಳ್ಳು ಏರಿದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಜೋರು ಮಾಡಿ, ಕಿಟಕಿಗಳನ್ನು ಇಳಿಸಬೇಕು. ಹೀಟರ್ ಎಂಬುದು ಇಂಜಿನ್ನಿನ ಬಿಸಿನೀರು ಹರಿಯುವ ಇನ್ನೊಂದು ಪುಟ್ಟ ರೇಡಿಯೇಟರ್. ಒಳಗಿದ್ದವರು ಬೆವರುತ್ತಾರೆ, ಇಂಜಿನ್ ಉಳಿಯುತ್ತದೆ. ಕೆಂಪು ದೀಪ ಹತ್ತಿಕೊಂಡರೆ ಮಾತ್ರ ನಿಲ್ಲಿಸಿ ಆರಿಸಲೇಬೇಕು, ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು.

ಮನೆಗೆ ಬಂದ ಮೇಲೆ: ನಿಜವಾದ ಮೈಲೇಜ್

ಅದೇ ಬಂಕಿನ ಅದೇ ಪೈಪಿನಲ್ಲಿ, ಮೊದಲ ಸಲ ತಾನಾಗಿ ಕಟ್ ಆಗುವವರೆಗೆ ಮಾತ್ರ ಮತ್ತೆ ತುಂಬಿಸಬೇಕು. ಸಾವಿರ ರೂಪಾಯಿಗೆ ಎಂದು ಹಾಕಿಸಿದರೆ ಲೆಕ್ಕ ಸಿಗುವುದಿಲ್ಲ. 312 ಕಿ.ಮೀ. ಓಡಿ 17.6 ಲೀಟರ್ ಹಿಡಿದಿದ್ದರೆ ಲೀಟರಿಗೆ 17.7 ಕಿ.ಮೀ. ಎಂದಾಯಿತು. 2012ರಲ್ಲಿ ಆಲ್ಟೊ 800 ಬಂದಾಗ ಘೋಷಿಸಿದ್ದು 22.74. ಅದು ಪ್ರಯೋಗಾಲಯದ ಉರುಳೆಗಳ ಮೇಲೆ ಬಂದ ಅಂಕಿ. ಅಲ್ಲಿ ತೆಂಗಿನಕಾಯಿಯೂ ಇಲ್ಲ, ಘಾಟಿಯೂ ಇಲ್ಲ. ಜೊತೆಗೆ ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾದ್ದರಿಂದ, ಮಿಶ್ರಣದಲ್ಲಿ ಶಕ್ತಿ ಸುಮಾರು ಶೇ 7ರಷ್ಟು ತಗ್ಗುತ್ತದೆ. ಈ ಮಿಶ್ರಣಕ್ಕೆಂದು ತಯಾರಾಗದ, 2023ಕ್ಕಿಂತ ಹಳೆಯ ಗಾಡಿಯವರು ಸರ್ವಿಸಿನ ವೇಳೆ ಪೆಟ್ರೋಲ್ ಸಾಗುವ ರಬ್ಬರ್ ಪೈಪುಗಳು ಉಬ್ಬಿವೆಯೇ, ಬಿರಿದಿವೆಯೇ ಎಂದು ನೋಡಿಸುವುದು ಲೇಸು.

ದಿನಾಂಕ, ಕಿ.ಮೀ., ಲೀಟರ್, ಎಷ್ಟು ಮಂದಿ ಇದ್ದರು ಎಂಬ ನಾಲ್ಕನ್ನು ಪುಟ್ಟ ಪುಸ್ತಕದಲ್ಲಿ ಬರೆದಿಡಬೇಕು. ಒಂದು ಸಲದ ಅಂಕಿಯನ್ನು ನಂಬಬಾರದು, ಮೂರರ ಸರಾಸರಿ ಹಿಡಿಯಬೇಕು. ಅದೇ ದಾರಿ, ಅದೇ ಮಂದಿ ಇದ್ದೂ ಸರಾಸರಿ ಇದ್ದಕ್ಕಿದ್ದಂತೆ ಎರಡು ಕಿ.ಮೀ. ಇಳಿದರೆ ಮೊದಲು ಟೈರಿನ ಗಾಳಿ, ಆಮೇಲೆ ಏರ್ ಫಿಲ್ಟರ್ ನೋಡಬೇಕು. ಅವೆರಡೂ ಸರಿಯಿದ್ದರೆ, ನೇರ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕು ಚಕ್ರಗಳ ಹತ್ತಿರವೂ ಅಂಗೈ ಒಡ್ಡಿ ನೋಡಬೇಕು. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ ಎಂದು ತಿಳಿದು, ಗಾಡಿಯನ್ನು ಗ್ಯಾರೇಜಿಗೆ ಕೊಂಡೊಯ್ಯಬೇಕು.