ಮೊದಲು ಬಿಸಿಲು ನೋಡಿ, ಆಮೇಲೆ ಬೋನ್ಸಾಯ್ ತನ್ನಿ

ಬೋನ್ಸಾಯ್ ಬೇಕು ಅಂತ ಹೊರಟವರು ಮೊದಲು ಗಿಡ ಕೊಳ್ಳುತ್ತಾರೆ, ಮನೆಗೆ ತಂದ ಮೇಲೆ ಎಲ್ಲಿಡೋಣ ಅಂತ ಯೋಚನೆ ಶುರುವಾಗುತ್ತದೆ. ಟಿವಿ ಪಕ್ಕ ಚೆನ್ನಾಗಿ ಕಾಣುತ್ತದಲ್ವಾ ಅಂತ ಅಲ್ಲಿಟ್ಟರೆ ಸ್ವಲ್ಪ ದಿನಕ್ಕೇ ಎಲೆ ಉದುರಲು ಶುರು. ಬೋನ್ಸಾಯ್ ಅನ್ನುವುದು ಬೇರೆ ಜಾತಿಯ ಗಿಡವಲ್ಲ. ಅದೇ ಅರಳಿ, ಅದೇ ಆಲ, ಅದೇ ಹುಣಸೆ. ಬೇರು, ಕೊಂಬೆ ಕತ್ತರಿಸುತ್ತಾ ಸಣ್ಣ ಕುಂಡದಲ್ಲಿ ಬೆಳೆಸಿದ್ದಾರೆ ಅಷ್ಟೇ. ರಸ್ತೆ ಬದಿಯ ಮರಕ್ಕೆ ಬೇಕಾದ ಬಿಸಿಲು, ಗಾಳಿ ಇದಕ್ಕೂ ಬೇಕು. ಆದ್ದರಿಂದ ಹಾಲ್ ಮರೆತುಬಿಡಿ. ನೆಂಟರು ಬಂದ ದಿನ ಟೀಪಾಯಿ ಮೇಲೆ ತಂದಿಡಿ, ಮಾರನೇ ದಿನ ವಾಪಸ್ ಹೊರಗಿಡಿ.

ನರ್ಸರಿಗೆ ಹೋಗುವ ಮೊದಲು ನಿಮ್ಮ ಬಾಲ್ಕನಿ ಯಾವ ದಿಕ್ಕಿಗಿದೆ ನೋಡಿ. ಪೂರ್ವಕ್ಕಿದ್ದರೆ ಪುಣ್ಯವಂತರು, ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಹೆಚ್ಚಿನ ಗಿಡಗಳಿಗೆ ಸಾಕು. ಪಶ್ಚಿಮವಾದರೆ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಕುಂಡವೇ ಕಾದು ಬೇರು ಬೇಯುತ್ತದೆ, ಆ ಎರಡು ತಿಂಗಳು ಒಂದು ಹಸಿರು ನೆಟ್ ಕಟ್ಟಿ. ಮೋಸ ಮಾಡುವುದು ದಕ್ಷಿಣದ ಬಾಲ್ಕನಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ, ಹಾಗಾಗಿ ಡಿಸೆಂಬರಿನಲ್ಲಿ ಒಳಗಿನ ಗೋಡೆಯವರೆಗೂ ಬರುತ್ತಿದ್ದ ಬಿಸಿಲು ಆಗ ಬಾಲ್ಕನಿಯ ಅಂಚಿಗೂ ಬರುವುದಿಲ್ಲ. ಗಿಡ ಸೊರಗಿತು ಅಂತ ಜನ ಗೊಬ್ಬರ ಸುರಿಯುತ್ತಾರೆ. ಅದಕ್ಕೆ ಬೇಕಾಗಿದ್ದದ್ದು ತಾರಸಿಯ ಒಂದು ಮೂಲೆ.

ಯಾವ ಗಿಡ?

ಮೊದಲ ಗಿಡ ಆಲದ ಜಾತಿಯದ್ದೇ ಇರಲಿ. ಆಲ, ಅರಳಿ, ಬಸರಿ, ಅತ್ತಿ, ನರ್ಸರಿಯವರು ಸುಮ್ನೆ ಫೈಕಸ್ ಅಂತ ಕರೆಯುವ ಸಣ್ಣ ಎಲೆಯ ಗಿಡ, ಎಲ್ಲ ಒಂದೇ ಕುಟುಂಬ. ಇವು ನಮ್ಮ ಹವೆಗೆ ಹುಟ್ಟಿದವು, ತಪ್ಪಾಗಿ ಕತ್ತರಿಸಿದರೂ ಮತ್ತೆ ಚಿಗುರುತ್ತವೆ. ನೀರು ಹಾಕಲು ಮರೆಯುವವರಿಗೆ ಜೇಡ್, ಅಂದರೆ ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ, ಅದರಲ್ಲೂ ಸಣ್ಣ ಎಲೆಯದ್ದು. ದಿನವಿಡೀ ಬಿಸಿಲು ಬೀಳುವ ತಾರಸಿಗೆ ಬೋಗನ್‌ವಿಲ್ಲಾ, ಅಂದರೆ ನಮ್ಮ ಕಾಗದದ ಹೂವು. ಹುಣಸೆ ತುಂಬಾ ಚೆಂದ, ಆದರೆ ಕಾಂಡ ದಪ್ಪವಾಗಲು ವರ್ಷಗಟ್ಟಲೆ ಕಾಯಬೇಕು.

ಜಪಾನಿನ ಮೇಪಲ್ ಚಿತ್ರ ನೋಡಿ ಆಸೆಪಡಬೇಡಿ. ಅದಕ್ಕೆ ಎಲೆ ಉದುರಿಸಿ ಮಲಗಲು ಗಟ್ಟಿ ಚಳಿಗಾಲ ಬೇಕು, ನಮ್ಮ ಬಯಲುಸೀಮೆಯಲ್ಲಿ ಅದೆಲ್ಲಿಂದ ಬರಬೇಕು? ಸೂಜಿಯಂಥ ಎಲೆಯ ಜುನಿಪರ್ ಕೂಡ ಒಳಗಿಟ್ಟರೆ ಸಾಯುತ್ತದೆ, ಸತ್ತ ಮೇಲೂ ಕೆಲವು ವಾರ ಹಸಿರಾಗೇ ಕಾಣುತ್ತದೆ, ಅಷ್ಟರಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಕೊಳ್ಳುವಾಗ ಎಲೆ ನೋಡಬೇಡಿ, ಎಲೆ ಮತ್ತೆ ಬರುತ್ತದೆ. ಬುಡ ನೋಡಿ. ಬೇರುಗಳು ಸುತ್ತಲೂ ಹರಡಿ ಮಣ್ಣು ಹಿಡಿದಿರಬೇಕು, ಕಾಂಡ ಬುಡದಲ್ಲಿ ದಪ್ಪವಿದ್ದು ಮೇಲೆ ಹೋದಂತೆ ಸಣ್ಣಗಾಗಬೇಕು. ಮೆಲ್ಲಗೆ ಅಲ್ಲಾಡಿಸಿ. ಸಡಿಲವಾಗಿ ಆಡಿದರೆ ನಿನ್ನೆ ಮೊನ್ನೆ ಕುಂಡಕ್ಕೆ ಸಿಕ್ಕಿಸಿದ ಗಿಡ ಅದು. ಮೇಲೆ ಬಿಳಿ ಕಲ್ಲು ಅಂಟಿಸಿದ್ದರೆ, ಕುಂಡದ ಕೆಳಗೆ ತೂತಿಲ್ಲದಿದ್ದರೆ ವಾಪಸ್ ಇಡಿ. ಹೊಟ್ಟೆ ಉಬ್ಬಿದ ಬೇರಿನ ಜಿನ್ಸೆಂಗ್ ಫೈಕಸ್ ಗಟ್ಟಿ ಗಿಡ ಹೌದು, ಆದರೆ ಅದನ್ನು ನಿಜವಾದ ಮರದ ಆಕಾರಕ್ಕೆ ತರುವುದು ಕಷ್ಟ, ನನಗಂತೂ ಅದು ಗಿಫ್ಟ್ ಐಟಂ. ಒಳ್ಳೆಯ ಆಕಾರ ಅಂದರೇನು ಅಂತ ಕಣ್ಣು ಪಳಗಬೇಕಾದರೆ ಲಾಲ್‌ಬಾಗಿನ ಬೋನ್ಸಾಯ್ ತೋಟ ಅಥವಾ ಮೈಸೂರಿನ ದತ್ತಪೀಠದ ಆಶ್ರಮದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟಕ್ಕೆ ಒಂದು ಸಲ ಹೋಗಿ ಬನ್ನಿ.

ದುಡ್ಡೇ ಕೊಡದೆ ಸಿಗುವ ಗಿಡವೂ ಇದೆ. ಹಳೇ ಮನೆಯ ತಾರಸಿ, ಚರಂಡಿ ಪೈಪು, ಕಾಂಪೌಂಡ್ ಬಿರುಕು, ಎಲ್ಲ ಕಡೆ ಹಕ್ಕಿ ಹಾಕಿದ ಬೀಜದಿಂದ ಅರಳಿ ಹುಟ್ಟಿರುತ್ತದೆ. ಅರಳಿ ಕಡಿಯಲು ಮನೆಯವರಿಗೆ ಮನಸ್ಸು ಬರುವುದಿಲ್ಲ, ಬಿಟ್ಟರೆ ಗೋಡೆ ಸೀಳುತ್ತದೆ. ನೀವು ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಜೂನ್, ಜುಲೈ ಮಳೆಯಲ್ಲಿ ಆದಷ್ಟು ಬೇರಿನ ಜೊತೆ ಬಿಡಿಸಿ, ಮೇಲಿನ ಭಾಗ ಗೇಣುದ್ದಕ್ಕೆ ಕತ್ತರಿಸಿ, ಸಡಿಲ ಮಣ್ಣಿಗೆ ನೆಟ್ಟು, ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ. ಚಿಗುರು ಬಂದ ಮೇಲೆ ನಿಧಾನಕ್ಕೆ ಬಿಸಿಲಿಗೆ ತನ್ನಿ. ತಕ್ಷಣ ತಟ್ಟೆಗೆ, ಅಂದರೆ ಆಳವಿಲ್ಲದ ಬೋನ್ಸಾಯ್ ಕುಂಡಕ್ಕೆ ಹಾಕಬೇಡಿ. ಕಾಂಡ ದಪ್ಪವಾಗುವುದು ದೊಡ್ಡ ಕುಂಡದಲ್ಲಿ, ಕೊಂಬೆ ಇಷ್ಟಬಂದಂತೆ ಬೆಳೆಯಲು ಬಿಟ್ಟಾಗ. ತಟ್ಟೆಗೆ ಹಾಕಿದ ದಿನದಿಂದ ದಪ್ಪವಾಗುವುದು ಹೆಚ್ಚುಕಡಿಮೆ ನಿಂತಂತೆಯೇ.

ಮಣ್ಣು, ನೀರು

ಗಿಡ ಸಾಯುವುದು ಜಾಸ್ತಿ ಇಲ್ಲೇ. ಬರೀ ಕೆಂಪು ಮಣ್ಣು ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಪುಡಿಯನ್ನು ಬಿಸಾಕಿ, ಜೋಳದ ಕಾಳಿನಷ್ಟು ದಪ್ಪದ ಚೂರು ಇಟ್ಟುಕೊಳ್ಳಿ. ಅದು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ಜೇಡ್‌ಗೆ ಗೊಬ್ಬರ ಇನ್ನೂ ಕಡಿಮೆ. ತೂತಿನ ಮೇಲೆ ಸೊಳ್ಳೆ ಪರದೆಯ ತುಂಡು ಇಡಿ.

ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಇಲ್ಲ. ಬೆರಳು ಒಂದು ಇಂಚು ಒಳಗೆ ಹಾಕಿ ನೋಡಿ, ಒಣಗುತ್ತಾ ಬಂದಿದ್ದರೆ ತೂತಿನಿಂದ ಹರಿದು ಹೋಗುವಷ್ಟು ಹಾಕಿ, ಒದ್ದೆಯಿದ್ದರೆ ಬಿಡಿ. ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ಬೇಕಾಗಬಹುದು, ಜುಲೈ ಮೋಡದಲ್ಲಿ ಮೂರು ದಿನ ಬೇಡದಿರಬಹುದು. ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲಷ್ಟೇ ಒದ್ದೆ, ಒಳಗೆ ಒಣಗಿರುತ್ತದೆ. ವಾಟರ್ ಫಿಲ್ಟರಿನಿಂದ ಹೊರಬರುವ ವೇಸ್ಟ್ ನೀರು ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಅದರಲ್ಲಿ ಉಪ್ಪು ಜಾಸ್ತಿ, ನೆಲ ಒರೆಸಲು ಬಳಸಿ. ಬೋರ್‌ವೆಲ್ ನೀರೇ ಗತಿ ಅಂದರೆ ಕುಂಡದ ಅಂಚಲ್ಲಿ ಬಿಳಿ ಪದರ ಕಟ್ಟುತ್ತದೆ. ಮಳೆಗಾಲದಲ್ಲಿ ಗಿಡವನ್ನು ಮಳೆಗೇ ಇಟ್ಟುಬಿಡಿ, ಅಷ್ಟು ದಿನದ ಉಪ್ಪು ತೊಳೆದು ಹೋಗುತ್ತದೆ.

ಕತ್ತರಿ ಮತ್ತು ತಂತಿ

ಚಿಗುರು ಆರೇಳು ಎಲೆ ಬಿಟ್ಟ ಮೇಲೆ ಎರಡು ಎಲೆ ಉಳಿಸಿ ಕತ್ತರಿಸಿ. ಇದನ್ನೇ ಮಾಡುತ್ತಾ ಹೋದರೆ ಕೊಂಬೆ ಕವಲೊಡೆಯುತ್ತದೆ, ಎಲೆಯೂ ಸಣ್ಣದಾಗುತ್ತದೆ. ಆಲದ ಜಾತಿಗಳಲ್ಲಿ ಹಾಲು ಸುರಿಯುತ್ತದೆ, ಒದ್ದೆ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಆ ಹಾಲು ಕಣ್ಣಿಗೆ, ಚರ್ಮಕ್ಕೆ ಆಗದು, ಕೈ ತೊಳೆದುಕೊಳ್ಳಿ.

ಬಾಗಿಸಲು ಅಲ್ಯೂಮಿನಿಯಂ ತಂತಿ ಸಾಕು, ಕೊಂಬೆಯ ಮೂರನೇ ಒಂದು ಭಾಗದಷ್ಟು ದಪ್ಪದ್ದು. ಓರೆಯಾಗಿ ಸುತ್ತಿ, ಬಿಗಿಯಬೇಡಿ. ಮಳೆಗಾಲದಲ್ಲಿ ಫೈಕಸ್ ಎಷ್ಟು ಬೇಗ ಊದುತ್ತದೆ ಅಂದರೆ ತಿಂಗಳೊಳಗೇ ತಂತಿ ತೊಗಟೆಗೆ ಕಚ್ಚಬಹುದು, ಆ ಗುರುತು ಹೋಗಲು ವರ್ಷಗಳು ಬೇಕು. ವಾರಕ್ಕೊಮ್ಮೆ ನೋಡುತ್ತಿರಿ. ತೆಗೆಯುವಾಗ ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಎರಡು ವರ್ಷಕ್ಕೊಮ್ಮೆ ಕುಂಡದಿಂದ ಎತ್ತಿ, ಸುತ್ತಿಕೊಂಡ ಬೇರಲ್ಲಿ ಮೂರನೇ ಒಂದು ಭಾಗ ಕತ್ತರಿಸಿ ಹೊಸ ಮಣ್ಣು ಕೊಡಿ. ಫೈಕಸ್‌ಗೆ ಮಳೆ ಶುರುವಾಗುವ ಹೊತ್ತು ಚೆನ್ನ. ಬೋಗನ್‌ವಿಲ್ಲಾ ಬೇರು ಬಹಳ ನಾಜೂಕು, ಅದನ್ನು ಜಾಸ್ತಿ ಕೆದಕಬೇಡಿ.

ಗೊಬ್ಬರಕ್ಕೆ ತಿಂಗಳಿಗೊಮ್ಮೆ ಒಂದು ಚಮಚ ಬೇವಿನ ಹಿಂಡಿ ಸಾಕು, ಈಗಷ್ಟೇ ಬೇರು ಕತ್ತರಿಸಿದ ಗಿಡಕ್ಕೆ ಅದೂ ಬೇಡ. ಎಲೆ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಮೊದಲು ಜೋರು ನೀರಲ್ಲಿ ತೊಳೆದು, ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಊರಿಗೆ ಹೋಗುವಾಗ ದೊಡ್ಡ ಟಬ್ಬಿನಲ್ಲಿ ಒದ್ದೆ ಮರಳು ತುಂಬಿ, ಕುಂಡವನ್ನು ಅರ್ಧ ಹೂತು ನೆರಳಿಗೆ ಇಟ್ಟರೆ ಮೂರ್ನಾಲ್ಕು ದಿನ ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ, ಜೊತೆಗೆ ಜೇಡ್‌ಗೆ ನೀರು ಹಾಕಲೇಬೇಡಿ ಅಂತಲೂ ಹೇಳಿ.