ಕ್ಯಾನ್ಸರ್ ಟ್ರಯಲ್‌ಗೆ ಸೇರಬೇಕಾ? ಸಹಿಗೆ ಮುಂಚೆ ಇಷ್ಟು ಮಾಡಿ

ಹಾವೇರಿಯ ನಮ್ಮ ಚಿಗವ್ವನಿಗೆ ಸ್ತನ ಕ್ಯಾನ್ಸರ್. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಹೊಸ ಔಷಧಿಯ ಟ್ರಯಲ್ ಬಗ್ಗೆ, ಅಂದರೆ ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವುದರ ಬಗ್ಗೆ ಹೇಳಿ, ಒಂದು ಕಟ್ಟು ಒಪ್ಪಿಗೆ ಕಾಗದ ಕೊಟ್ಟರು. ಚಿಗವ್ವ ಓದಲಿಲ್ಲ, ಪೆನ್ನು ಕೇಳಿದಳು. "ಡಾಕ್ಟರ್ ಹೇಳ್ಯಾರ, ಮತ್ತೇನ ನೋಡೂದೈತಿ?" ನಾನು ಕೈ ಹಿಡಿದು ನಿಲ್ಲಿಸಿದೆ.

ಮೊದಲ ಕೆಲಸ ಅದೇ. ಅವತ್ತೇ ಸಹಿ ಮಾಡಬೇಡಿ, ಕಾಗದ ಮನೆಗೆ ಒಯ್ಯಿರಿ. ಅದು ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಕೇಳಿ. ಓದಲು ಬಾರದವರಿಗೆ ಓದಿ ಹೇಳುವಾಗ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಕೂತಿರಲೇಬೇಕು.

ಆಮೇಲೆ ಎಷ್ಟನೇ ಹಂತ ಅಂತ ಕೇಳಿ. 1ನೇ ಹಂತದಲ್ಲಿ ಮುಖ್ಯವಾಗಿ ಎಷ್ಟು ಡೋಸ್ ತಡೆದುಕೊಳ್ಳಬಹುದು ಅಂತ ನೋಡುತ್ತಾರೆ. ಗುಣವಾಗುತ್ತೇನೆ ಅನ್ನೋ ಒಂದೇ ಆಸೆಯಿಂದ ಅದಕ್ಕೆ ಸೇರಬೇಡಿ. 2ರಲ್ಲಿ ಔಷಧಿ ಕೆಲಸ ಮಾಡುತ್ತದಾ ಅಂತ ನೋಡುತ್ತಾರೆ. 3ರಲ್ಲಿ ಈಗಿನ ಚಿಕಿತ್ಸೆಯ ಜೊತೆ ಹೋಲಿಸುತ್ತಾರೆ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ, ಡಾಕ್ಟರ ಕೈಯಲ್ಲೂ ಇರುವುದಿಲ್ಲ. ಔಷಧಿಯೇ ಇಲ್ಲದ ಬರೀ ಸಕ್ಕರೆ ಗುಳಿಗೆ ಕೊಟ್ಟುಬಿಡ್ತಾರಾ ಅನ್ನೋ ಭಯ ಎಲ್ಲರಿಗೂ ಇದೆ. ಒಳ್ಳೆ ಚಿಕಿತ್ಸೆ ಇರುವ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಆದರೂ ನೇರವಾಗಿ ಕೇಳಿಬಿಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ಉತ್ತರವನ್ನು ಇನ್ನೊಬ್ಬ ಕ್ಯಾನ್ಸರ್ ಡಾಕ್ಟರಿಗೂ ತೋರಿಸಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಓಡಾಟದ ಲೆಕ್ಕವನ್ನೂ ಹಾಕಿ. ಹಾವೇರಿಯಿಂದ ಹುಬ್ಬಳ್ಳಿಗೆ 70 ಕಿ.ಮೀ. ಮೇಲೆ. ವಾರಕ್ಕೊಮ್ಮೆ ರಕ್ತ ಪರೀಕ್ಷೆ ಅಂದರೆ ವಾರಕ್ಕೊಂದು ದಿನ ಬಸ್ಸಲ್ಲೇ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಬಸ್ ಖರ್ಚು, ಹೆಚ್ಚುವರಿ ಸ್ಕ್ಯಾನ್ ಖರ್ಚು ಯಾರದು ಅಂತ ಕಾಗದದಲ್ಲೇ ಬೆರಳಿಟ್ಟು ತೋರಿಸಲು ಹೇಳಿ.

ಟ್ರಯಲ್ ಅಸಲಿಯಾ? ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ವೆಬ್‌ಸೈಟ್) ನಂಬರು ಕೇಳಿ. 2009ರಿಂದ ನೋಂದಣಿ ಕಡ್ಡಾಯ. ಮೊಬೈಲಿನಲ್ಲೇ ಸುಮ್ನೆ ಹುಡುಕಿ ನೋಡಬಹುದು. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ನಿಮ್ಮ ಹಕ್ಕು. ನಡುವೆ ಬೇಡ ಅನ್ನಿಸಿದರೆ ಬಿಡಬಹುದು. ಬಿಟ್ಟಿರಿ ಅಂತ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಆದರೆ ಡಾಕ್ಟರಿಗೆ ಹೇಳದೆ ಗುಳಿಗೆ ನಿಲ್ಲಿಸಬೇಡಿ.

ಚಿಗವ್ವ ನಾಲ್ಕು ದಿನ ಯೋಚಿಸಿ ಸೇರಿದಳು. ಸಹಿಯಾದ ಕಾಗದದ ಒಂದು ಪ್ರತಿ ಕೇಳಿ ತಂದಳು, ಅದನ್ನು ಕೊಡಲೇಬೇಕು. ಅದರಲ್ಲಿದ್ದ ಡಾಕ್ಟರ ಫೋನ್ ನಂಬರು, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ನಂಬರು ಈಗ ಅವಳ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ದಪ್ಪ ಅಕ್ಷರದಲ್ಲಿವೆ.